ಕಾಲೇಜು ನೋಡುವ ಮುನ್ನ ಕಾನ್ಫರೆನ್ಸ್ ನೋಡಿ: ಗೇಟ್‌ವೇ ಕಥೆ

ಅಮೆರಿಕದಲ್ಲಿ ಬೆಳೆದ ಮಗಳು ಹೈಸ್ಕೂಲಿನಲ್ಲಿ ವಾಲಿಬಾಲ್, ಟೆನಿಸ್, ಈಜು ಎಂದು ಓಡಾಡುತ್ತಿದ್ದರೆ, ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಆ ಪ್ರಶ್ನೆ ಎದ್ದೇ ಏಳುತ್ತದೆ: ಆಟದ ಬಲದ ಮೇಲೆ ಕಾಲೇಜು ಸೇರಬಹುದೇ? ಉತ್ತರ ಹುಡುಕುವಾಗ ನಮ್ಮ ಊರಿನ ಅನುಭವ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಾವು ಕಂಡದ್ದು ಕ್ರೀಡಾ ಕೋಟಾದ ಸೀಟು, ವಲಯ ಮಟ್ಟದ ಪಂದ್ಯ, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ. ವಿಶ್ವವಿದ್ಯಾಲಯ ತಂಡ ಆರಿಸಿ ಕಳಿಸುತ್ತದೆ, ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಆಡಿಸುತ್ತದೆ. ಇಲ್ಲಿ ಕಾಲೇಜಿಗೂ ರಾಷ್ಟ್ರೀಯ ಸಂಸ್ಥೆಗೂ ನಡುವೆ ಇನ್ನೊಂದು ಅಧಿಕಾರಸ್ಥಾನವಿದೆ. ಅದೇ ಕಾನ್ಫರೆನ್ಸ್.

ಸುಮಾರು ಹತ್ತು ಹದಿನೈದು ವಿಶ್ವವಿದ್ಯಾಲಯಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡು ಕಟ್ಟಿಕೊಂಡ ಕೂಟ ಅದು. ಋತುವಿನ ಬಹುಪಾಲು ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡುತ್ತವೆ, ಟಿವಿ ಹಣವನ್ನು ಹಂಚಿಕೊಳ್ಳುತ್ತವೆ, ಆಡಳಿತಕ್ಕೆ ಒಬ್ಬ ಕಮಿಷನರ್ ಇರುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಕೂಟದ ವಿಜೇತ ತಂಡಕ್ಕೆ ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಪಂದ್ಯಾವಳಿಗೆ ನೇರ ಪ್ರವೇಶ. ಮಗಳು ಯಾವ ಊರಿಗೆ ಎಷ್ಟು ಸಲ ಬಸ್ಸು ಹತ್ತಬೇಕು, ಯಾವ ವಾರದಲ್ಲಿ ತರಗತಿ ತಪ್ಪಿಸಿಕೊಳ್ಳಬೇಕು ಎಂಬುದನ್ನು ಕಾಲೇಜಿಗಿಂತ ಹೆಚ್ಚಾಗಿ ಈ ಕೂಟದ ವೇಳಾಪಟ್ಟಿ ತೀರ್ಮಾನಿಸುತ್ತದೆ. ಆ ಕೂಟ ಯಾರ ಲಾಭ ನೋಡಿ ನಡೆಯುತ್ತದೆ ಎಂಬುದು ಅರ್ಥವಾಗಬೇಕಾದರೆ, ಹೆಣ್ಣುಮಕ್ಕಳಿಗೆಂದೇ ಹುಟ್ಟಿ ಹತ್ತೇ ವರ್ಷಕ್ಕೆ ಕರಗಿಹೋದ ಗೇಟ್‌ವೇ ಎಂಬ ಕಾನ್ಫರೆನ್ಸಿನ ಕಥೆ ಕೇಳಬೇಕು.

1960ರ ದಶಕದಲ್ಲಿ ಇಲ್ಲಿನ ಕಾಲೇಜು ಹುಡುಗಿಯರಿಗೆ ಆಟವೆಂದರೆ ದೈಹಿಕ ಶಿಕ್ಷಣ ವಿಭಾಗದ ಮೇಡಂಗಳು ಬಿಡುವಿನಲ್ಲಿ ನಡೆಸುತ್ತಿದ್ದ ಚಟುವಟಿಕೆ. ಬ್ಯಾಸ್ಕೆಟ್‌ಬಾಲ್ ಅಂಗಣವನ್ನು ಪೂರ್ತಿ ಓಡಿದರೆ ಹೆಣ್ಣಿನ ಹೃದಯ ತಡೆಯುವುದಿಲ್ಲ ಎಂಬ ನಂಬಿಕೆಯಿಂದ ಆರು ಜನರ ತಂಡ ಕಟ್ಟಿ, ಹೆಚ್ಚಿನವರನ್ನು ಅರ್ಧ ಅಂಗಣಕ್ಕೇ ಕಟ್ಟಿಹಾಕುತ್ತಿದ್ದರು. ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ ಈ ಆರು ಜನರ ಆಟ 1993ರವರೆಗೂ ಉಳಿದಿತ್ತು ಎಂದರೆ ನಂಬುವುದು ಕಷ್ಟ. ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ಜಿಲ್ ಹಚಿಸನ್ ಆಟಗಾರ್ತಿಯರ ಹೃದಯ ಬಡಿತವನ್ನೇ ಅಳೆದು ನೋಡಿ, ಆ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿದ ಸಂಶೋಧಕಿ. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ 28 ವರ್ಷ ಕೋಚ್ ಆಗಿದ್ದರು.

ಈ ಮೇಡಂಗಳೇ ಸೇರಿ 1971ರಲ್ಲಿ ಕಾಲೇಜು ಹುಡುಗಿಯರ ಆಟಗಳಿಗೆಂದೇ ಎಐಎಡಬ್ಲ್ಯು ಎಂಬ ರಾಷ್ಟ್ರೀಯ ಸಂಸ್ಥೆ ಕಟ್ಟಿದರು. ಗಂಡಸರ ಎನ್‌ಸಿಎಎಗೆ ಆಗ ಹೆಣ್ಣುಮಕ್ಕಳ ಆಟದಲ್ಲಿ ಆಸಕ್ತಿಯಿರಲಿಲ್ಲ. ಎಐಎಡಬ್ಲ್ಯು ನಡೆಸಿದ ಮೊದಲ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ 1972ರ ಮಾರ್ಚ್‌ನಲ್ಲಿ ಇಲಿನಾಯ್‌ನ ನಾರ್ಮಲ್ ಊರಿನಲ್ಲಿ ನಡೆಯಿತು. ಇಂದು ವಿಮಾ ಕಂಪನಿಯ ಕೆಲಸಕ್ಕೆ ಬಂದು ನೆಲೆಸಿದ ಭಾರತೀಯ ಕುಟುಂಬಗಳು ಬಹಳವಿರುವ ಬ್ಲೂಮಿಂಗ್ಟನ್-ನಾರ್ಮಲ್ ಜೋಡಿ ಊರು ಅದೇ. ಗೆದ್ದದ್ದು ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕ್ಯಾಥೊಲಿಕ್ ಕಾಲೇಜು, ವೆಸ್ಟ್ ಚೆಸ್ಟರ್ ವಿರುದ್ಧ 52-48ರಿಂದ. ಮುಂದಿನ ಎರಡು ವರ್ಷವೂ ಅವರದ್ದೇ ಗೆಲುವು.

1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಿಕ್ಷಣ ಕಾಯ್ದೆಯಲ್ಲಿ ಟೈಟಲ್ ನೈನ್ ಇತ್ತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗದ ಆಧಾರದಲ್ಲಿ ಭೇದ ಮಾಡುವಂತಿಲ್ಲ ಎಂಬುದಷ್ಟೇ ಅದರ ಸಾರ. ಆಟದ ಮಾತೇ ಆ ಸಾಲಿನಲ್ಲಿಲ್ಲ. ಆದರೂ ಇವತ್ತು ನಿಮ್ಮ ಮಗಳಿಗೆ ಕಾಲೇಜಿನಲ್ಲಿ ತಂಡ, ಕೋಚ್, ವಿದ್ಯಾರ್ಥಿವೇತನ ಸಿಗುತ್ತಿದ್ದರೆ ಕಾರಣ ಆ ಸಾಲು. 1971-72ರಲ್ಲಿ ಇಡೀ ದೇಶದ ಹೈಸ್ಕೂಲುಗಳಲ್ಲಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಈಗ ಮೂವತ್ತು ಲಕ್ಷಕ್ಕೂ ಹೆಚ್ಚು.

ಎಐಎಡಬ್ಲ್ಯು ಮೊದಮೊದಲು ಕ್ರೀಡಾ ವಿದ್ಯಾರ್ಥಿವೇತನವನ್ನೇ ನಿಷೇಧಿಸಿತ್ತು. ಹಣ ಬಂದರೆ ಗಂಡಸರ ಆಟದ ರೋಗವೆಲ್ಲ ಹಿಂದೆಯೇ ಬರುತ್ತದೆ ಎಂಬ ಭಯ. 1973ರಲ್ಲಿ ಫ್ಲಾರಿಡಾದ ಟೆನಿಸ್ ಕೋಚ್ ಫರ್ನ್ ಕೆಲ್‌ಮೇಯರ್ ಮತ್ತು ಆಟಗಾರ್ತಿಯರು ಕೋರ್ಟಿಗೆ ಹೋದ ಮೇಲೆ ಆ ನಿಯಮ ಸಡಿಲವಾಯಿತು. ಆ ಮೇಡಂಗಳ ಭಯ ಹುಸಿಯಾಗಿತ್ತೆಂದು ನಾನು ಹೇಳಲಾರೆ, ಆದರೆ ಬಡ ಮನೆಯ ಹುಡುಗಿಗೆ ಆ ಹಣದ ಅಗತ್ಯವಿದ್ದದ್ದೂ ನಿಜ.

ಹುಡುಗಿಯರ ಆಟಕ್ಕೆ ಜನ, ಟಿವಿ ಎರಡೂ ಸೇರತೊಡಗಿದಾಗ ಎನ್‌ಸಿಎಎ ಕಣ್ಣು ತೆರೆಯಿತು. 1981ರ ಜನವರಿಯಲ್ಲಿ ತಾನೇ ಮಹಿಳಾ ಚಾಂಪಿಯನ್‌ಶಿಪ್‌ಗಳನ್ನು ನಡೆಸಲು ತೀರ್ಮಾನಿಸಿತು. ಪ್ರಯಾಣದ ಖರ್ಚು ತಾನು ಕೊಡುತ್ತೇನೆ, ಹೆಚ್ಚಿನ ಸದಸ್ಯ ಶುಲ್ಕ ಬೇಡ ಎಂದಿತು. ಕಾಲೇಜುಗಳು ಅತ್ತ ಹೊರಳಲು ಅಷ್ಟು ಸಾಕಾಯಿತು. 1982ರ ಮಾರ್ಚ್ 28ರಂದು ಒಂದೇ ದಿನ ಎರಡು ರಾಷ್ಟ್ರೀಯ ಫೈನಲ್‌ಗಳು ನಡೆದವು: ನಾರ್‌ಫೋಕ್‌ನಲ್ಲಿ ಎನ್‌ಸಿಎಎಯದು, ಫಿಲಡೆಲ್ಫಿಯಾದಲ್ಲಿ ಎಐಎಡಬ್ಲ್ಯುವಿನದು. ಕೆಲವೇ ತಿಂಗಳಲ್ಲಿ ಮೇಡಂಗಳ ಸಂಸ್ಥೆ ಬಾಗಿಲು ಮುಚ್ಚಿತು. ಎನ್‌ಸಿಎಎ ಮೇಲೆ ಹೂಡಿದ ಏಕಸ್ವಾಮ್ಯದ ದಾವೆಯೂ ಸೋತಿತು.

ದೊಡ್ಡ ಗಂಡಸರ ಕಾನ್ಫರೆನ್ಸುಗಳು, ಉದಾಹರಣೆಗೆ ಬಿಗ್ ಟೆನ್, ಹೆಣ್ಣುಮಕ್ಕಳ ಆಟಗಳನ್ನು ಒಳಗೆ ಸೇರಿಸಿಕೊಂಡವು. 1907ರಲ್ಲೇ ಹುಟ್ಟಿದ ಮಿಸೌರಿ ವ್ಯಾಲಿ ಕಾನ್ಫರೆನ್ಸ್ ಆಗ ಸೇರಿಸಿಕೊಳ್ಳಲಿಲ್ಲ. ಹಾಗಾಗಿ 1982ರಲ್ಲಿ ಮಧ್ಯಪಶ್ಚಿಮದ ಹತ್ತು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ತಮ್ಮದೇ ಕೂಟ ಕಟ್ಟಿಕೊಂಡವು. ಹೆಸರು ಗೇಟ್‌ವೇ. ಇಲಿನಾಯ್‌ನಿಂದ ಬ್ರಾಡ್ಲಿ, ಇಲಿನಾಯ್ ಸ್ಟೇಟ್, ಸದರ್ನ್, ಈಸ್ಟರ್ನ್ ಮತ್ತು ವೆಸ್ಟರ್ನ್ ಇಲಿನಾಯ್. ಅಯೋವಾದಿಂದ ಡ್ರೇಕ್, ನಾರ್ದರ್ನ್ ಅಯೋವಾ. ಜೊತೆಗೆ ಇಂಡಿಯಾನಾ ಸ್ಟೇಟ್, ಕ್ಯಾನ್ಸಸ್‌ನ ವಿಚಿಟಾ ಸ್ಟೇಟ್, ಸೌತ್‌ವೆಸ್ಟ್ ಮಿಸೌರಿ ಸ್ಟೇಟ್. ಕಮಿಷನರ್ ಪ್ಯಾಟಿ ವಿವೆರಿಟೊ. ಸದರ್ನ್ ಇಲಿನಾಯ್‌ನ ಮಹಿಳಾ ಕ್ರೀಡಾ ಮುಖ್ಯಸ್ಥೆ ಶಾರ್ಲೆಟ್ ವೆಸ್ಟ್ ಹಿಂದೆ ಎಐಎಡಬ್ಲ್ಯು ಅಧ್ಯಕ್ಷೆಯಾಗಿದ್ದವರು. ಮುಚ್ಚಿಹೋದ ಸಂಸ್ಥೆಯ ಅನುಭವಸ್ಥರು ಈ ಕೂಟದ ಕಾಲೇಜುಗಳಲ್ಲೇ ಇದ್ದರು.

ಮುಂದಿನದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ತಿರುವು. ಇದೇ ಕಾಲೇಜುಗಳಲ್ಲಿ ಕೆಲವಕ್ಕೆ ತಮ್ಮ ಗಂಡಸರ ಫುಟ್‌ಬಾಲ್ ತಂಡಕ್ಕೆ ಸರಿಯಾದ ನೆಲೆ ಇರಲಿಲ್ಲ. 1985ರಲ್ಲಿ ಅವು ಗೇಟ್‌ವೇ ಬಾಗಿಲು ತಟ್ಟಿದವು. ಹೆಣ್ಣುಮಕ್ಕಳ ಕೂಟ ಹೆಲ್ಮೆಟ್ ತೊಟ್ಟ ಫುಟ್‌ಬಾಲ್ ಗಂಡಸರಿಗೆ ಜಾಗ ಕೊಟ್ಟಿತು, ಅವರ ಲೀಗ್ ನಡೆಸುವ ಹೊಣೆ ವಿವೆರಿಟೊ ಅವರ ಹೆಗಲಿಗೂ ಬಂತು. 1992ರಲ್ಲಿ ಮಿಸೌರಿ ವ್ಯಾಲಿ ಕೊನೆಗೂ ಮಹಿಳಾ ಆಟಗಳನ್ನು ತನ್ನೊಳಗೆ ಸೇರಿಸಿಕೊಂಡಾಗ ಹುಡುಗಿಯರು ಅಲ್ಲಿಗೆ ಹೋದರು. ಗೇಟ್‌ವೇ ಹೆಸರಿನಲ್ಲಿ ಉಳಿದದ್ದು ಗಂಡಸರ ಫುಟ್‌ಬಾಲ್ ಮಾತ್ರ! 2008ರಲ್ಲಿ ಆ ಲೀಗ್ ಮಿಸೌರಿ ವ್ಯಾಲಿ ಫುಟ್‌ಬಾಲ್ ಕಾನ್ಫರೆನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಬಾಡಿಗೆಗೆ ಬಂದವನು ಮನೆಯೊಡೆಯನಾದ ಹಾಗೆ.

ಹುಡುಗಿಯರು ಹೋಗುವ ಮುನ್ನ ಸುಮ್ಮನೆ ಹೋಗಲಿಲ್ಲ. ಗೇಟ್‌ವೇಯ ಕೊನೆಯ ಋತುವಾದ 1992ರಲ್ಲಿ ಶೆರಿಲ್ ಬರ್ನೆಟ್ ತರಬೇತಿಯ ಸೌತ್‌ವೆಸ್ಟ್ ಮಿಸೌರಿ ತಂಡ ರಾಷ್ಟ್ರೀಯ ಸೆಮಿಫೈನಲ್ ತಲುಪಿತು. ಅದೇ ಕಾಲೇಜಿನ ಜ್ಯಾಕಿ ಸ್ಟೈಲ್ಸ್ 2001ರಲ್ಲಿ 3,393 ಅಂಕಗಳೊಂದಿಗೆ ಎನ್‌ಸಿಎಎಯ ಅತಿ ಮೇಲಿನ ಹಂತವಾದ ಡಿವಿಷನ್ 1ರ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಅತಿ ಹೆಚ್ಚು ಅಂಕಗಳ ದಾಖಲೆ ಬರೆದಳು. ಅದನ್ನು ಮುರಿಯಲು 2017ರವರೆಗೆ ಯಾರಿಂದಲೂ ಆಗಲಿಲ್ಲ.

ಸೇರ್ಪಡೆಯಿಂದ ಹುಡುಗಿಯರಿಗೆ ಹಣ, ಹೆಸರು, ಒಳ್ಳೆಯ ಅಂಗಣ ಸಿಕ್ಕವು. ಕಳೆದದ್ದು ಅಧಿಕಾರ. 1972ರಲ್ಲಿ ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆಂಗಸರೇ ಇದ್ದರು. ಈಗ ಅರ್ಧಕ್ಕಿಂತ ಕಡಿಮೆ. ಕಾಲೇಜು ಯಾವ ಕೂಟದಲ್ಲಿರಬೇಕು ಎಂಬ ತೀರ್ಮಾನ ಸಾಮಾನ್ಯವಾಗಿ ಫುಟ್‌ಬಾಲ್, ಇಲ್ಲವೇ ಗಂಡಸರ ಬ್ಯಾಸ್ಕೆಟ್‌ಬಾಲ್ ಲೆಕ್ಕದ ಮೇಲೆ ಆಗುತ್ತದೆ, ಉಳಿದ ತಂಡಗಳು ಹಿಂದೆ ಹೋಗುತ್ತವೆ. ಗೇಟ್‌ವೇಯ ಮೊದಲ ಹತ್ತರಲ್ಲಿ ಆರು ಕಾಲೇಜುಗಳು ಮಾತ್ರ ಇಂದು ಮಿಸೌರಿ ವ್ಯಾಲಿಯಲ್ಲಿವೆ. 2025ರಲ್ಲಿ ಮಿಸೌರಿ ಸ್ಟೇಟ್ (ಹಿಂದಿನ ಸೌತ್‌ವೆಸ್ಟ್ ಮಿಸೌರಿ ಸ್ಟೇಟ್) ತನ್ನ ಫುಟ್‌ಬಾಲನ್ನು ಮೇಲಿನ ಹಂತಕ್ಕೇರಿಸಿಕೊಂಡು ಬೇರೆ ಕೂಟ ಸೇರಿತು. ಕ್ಯಾಲಿಫೋರ್ನಿಯಾದ ಕನ್ನಡಿಗರು ಇದರ ದೊಡ್ಡ ರೂಪವನ್ನು 2024ರಲ್ಲಿ ನೋಡಿದ್ದಾರೆ: ಯುಸಿಎಲ್‌ಎ ಬಿಗ್ ಟೆನ್‌ಗೆ, ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ. ವಾಲಿಬಾಲ್ ಆಡುವ ಹುಡುಗಿ ಈಗ ಕೂಟದ ಸಾಮಾನ್ಯ ಪಂದ್ಯಕ್ಕಾಗಿ ಪೆಸಿಫಿಕ್ ತೀರದಿಂದ ದೇಶದ ಇನ್ನೊಂದು ತುದಿಗೆ ಹಾರಬೇಕು.

ಹಾಗಾದರೆ ಮನೆಯವರು ನೋಡಬೇಕಾದದ್ದೇನು? ಮೊದಲು ಡಿವಿಷನ್, ಅಂದರೆ ಎನ್‌ಸಿಎಎಯ ಮೂರು ಹಂತಗಳಲ್ಲಿ ಕಾಲೇಜು ಯಾವುದರಲ್ಲಿದೆ ಎಂಬುದು. 1 ಮತ್ತು 2ರಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿದೆ, 3ರಲ್ಲಿ ಇಲ್ಲ. ಡಿವಿಷನ್ 1ರಲ್ಲಿದ್ದರೂ ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಕೊಡುವುದಿಲ್ಲ. ಡಿವಿಷನ್ 1ಕ್ಕೆ ಹೈಸ್ಕೂಲಿನ 16 ಮುಖ್ಯ ವಿಷಯಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕು. ನಮ್ಮ ಮನೆಗಳಲ್ಲಿ ಇದು ತೊಡಕಾಗುವುದು ಅಪರೂಪ. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದನ್ನು ಮಾತ್ರ ಕೊನೆಗೆ ಉಳಿಸಬೇಡಿ.

ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ‘ಹೌಸ್’ ರಾಜಿ ಒಪ್ಪಂದದ ನಂತರ ನಿಯಮ ಬದಲಾಗಿದೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನಗಳ ಸಂಖ್ಯೆಯ ಮಿತಿ ಹೋಗಿ, ತಂಡದಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿ ಬಂದಿದೆ. ವಿದ್ಯಾರ್ಥಿವೇತನವಿಲ್ಲದಿದ್ದರೂ ತಂಡದಲ್ಲಿ ಜಾಗ ಸಿಗುತ್ತದೆ ಎಂದು ನಂಬಿದ್ದವರಿಗೆ ಇದು ಬಿಗಿ. ಕಾಲೇಜು ಈಗ ಆಟಗಾರರಿಗೆ ನೇರವಾಗಿ ಹಣವನ್ನೂ ಕೊಡಬಹುದು. ಆದರೆ ಎಫ್-1 (ವಿದ್ಯಾರ್ಥಿ) ಅಥವಾ ಎಚ್-4 (ಉದ್ಯೋಗ ವೀಸಾದವರ ಕುಟುಂಬ) ವೀಸಾದಲ್ಲಿರುವ ಮಗಳು ಆ ಹಣಕ್ಕೆ, ಜಾಹೀರಾತಿನ ಹಣಕ್ಕೆ ಕೈ ಹಾಕುವ ಮುನ್ನ ವಲಸೆ ವಕೀಲರನ್ನು ಕೇಳಲೇಬೇಕು, ಏಕೆಂದರೆ ಅದನ್ನು ಅನುಮತಿಯಿಲ್ಲದ ದುಡಿಮೆ ಎಂದು ಪರಿಗಣಿಸಿದರೆ ವೀಸಾಕ್ಕೇ ಕುತ್ತು. ಕೋಚ್ ಇದನ್ನು ಹೇಳುತ್ತಾರೆಂದು ಕಾಯಬೇಡಿ. ಕಾಲೇಜು ಕೊಡುವ ವಿದ್ಯಾರ್ಥಿವೇತನಕ್ಕೆ ಈ ತೊಡಕಿಲ್ಲ.

ನನ್ನ ಪ್ರಕಾರ ಅತ್ಯಂತ ಉಪಯುಕ್ತ ಕಾಗದ ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಇರುವುದಿಲ್ಲ. 1994ರ ಕಾಯ್ದೆಯ ಪ್ರಕಾರ ಗಂಡು-ಹೆಣ್ಣು ಇಬ್ಬರೂ ಓದುವ, ಕ್ರೀಡಾ ತಂಡಗಳಿರುವ, ಕೇಂದ್ರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಎಷ್ಟು ಹುಡುಗಿಯರು ಆಡುತ್ತಾರೆ, ಅವರ ತಂಡಗಳಿಗೆ ಎಷ್ಟು ಖರ್ಚು, ಕೋಚ್‌ಗಳ ಸಂಬಳವೆಷ್ಟು ಎಂದು ಕೇಂದ್ರ ಶಿಕ್ಷಣ ಇಲಾಖೆಗೆ ಲೆಕ್ಕ ಕೊಡಬೇಕು. ಅದು ಅಂತರ್ಜಾಲದಲ್ಲಿ ಯಾರಿಗಾದರೂ ಉಚಿತ. ಮಗಳ ಆಟದ ಸಾಲನ್ನು ಗಂಡಸರ ಸಾಲಿನ ಪಕ್ಕದಲ್ಲಿಟ್ಟು ಓದಿ. ಆಮೇಲೆ ಕೋಚ್ ಭೇಟಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಕಳೆದ ಋತುವಿನಲ್ಲಿ ತಂಡ ಎಷ್ಟು ಸಲ ವಿಮಾನ ಹತ್ತಿತು, ಪ್ರಯಾಣದ ದಿನಗಳಲ್ಲಿ ಪ್ರಯೋಗಾಲಯದ ತರಗತಿ ತಪ್ಪಿದವರು ಏನು ಮಾಡಿದರು, ಕಾಲೇಜು ಕೂಟ ಬದಲಿಸುವ ಮಾತು ನಡೆದಿದೆಯೇ. ಮೂರನೆಯದಕ್ಕೆ ಕೋಚ್ ನಕ್ಕು ಸುಮ್ಮನಾದರೆ, ಊರಿನ ಪತ್ರಿಕೆಯ ಫುಟ್‌ಬಾಲ್ ಪುಟ ಓದಲು ಶುರುಮಾಡಿ.