ತೀರ್ಪು ಬಂದ ಎರಡು ದಿನ: ಕಾನೂನು ಅಧ್ಯಾಪಕರು ಸಾರ್ವಜನಿಕರಿಗಾಗಿ ಬರೆಯುವ ಬಗೆ

ಸುಪ್ರೀಂ ಕೋರ್ಟ್ ಬೆಳಿಗ್ಗೆ 10.30ಕ್ಕೆ ಕೂರುತ್ತದೆ. ದೊಡ್ಡ ತೀರ್ಪಿದ್ದ ದಿನ ಹನ್ನೊಂದರ ಹೊತ್ತಿಗೆ ಟಿವಿಯಲ್ಲಿ ಬ್ರೇಕಿಂಗ್ ಪಟ್ಟಿ ಓಡುತ್ತಿರುತ್ತದೆ, ಊಟದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಪರ-ವಿರೋಧದ ಜಗಳ ಅರ್ಧ ಮುಗಿದಿರುತ್ತದೆ. ತೀರ್ಪಿನ ಪೂರ್ಣ ಪಾಠ ಜಾಲತಾಣಕ್ಕೆ ಬರುವುದು ಎಷ್ಟೋ ಸಲ ಅದಾದ ಮೇಲೆ. ಕೋರ್ಟ್ ತೀರ್ಮಾನಿಸಿದ್ದೇನು, ಮಾತಿನ ನಡುವೆ ಹೇಳಿಹೋದದ್ದೇನು, ತೀರ್ಮಾನಿಸದೆ ಬಿಟ್ಟದ್ದೇನು ಎಂಬ ಮೂರನ್ನು ಬಿಡಿಸಿ ಹೇಳುವವರು ಆಗ ಬೇಕು. ತರಗತಿಯಲ್ಲಿ ದಿನವೂ ಇದನ್ನೇ ಮಾಡುವ ಕಾನೂನು ಅಧ್ಯಾಪಕರು ಅದನ್ನು ಕನ್ನಡ ಪತ್ರಿಕೆಯ 600 ಪದಗಳಲ್ಲಿ, 48 ಗಂಟೆಯೊಳಗೆ ಮಾಡುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಮೊದಲು ಓದು, ಆಮೇಲೆ ಫೋನು

ವರದಿಗಾರರ ಕರೆ ಬಂದಾಗ ತೀರ್ಪು ಓದಿರದಿದ್ದರೆ “ಸಂಜೆ ಆರಕ್ಕೆ ಮಾಡಿ, ಓದಿ ಹೇಳುತ್ತೇನೆ” ಎನ್ನಿ. ಪತ್ರಿಕೆಯವರಿಗೆ ಆರು ಗಂಟೆ ತಡವಲ್ಲ. ಬೇರೆಯವರ ಟಿಪ್ಪಣಿ ಓದಿ ಹೇಳಿಕೆ ಕೊಟ್ಟರೆ ಅವರ ತಪ್ಪು ನಿಮ್ಮ ಹೆಸರಿನಲ್ಲಿ ಅಚ್ಚಾಗುತ್ತದೆ.

ತೀರ್ಪನ್ನು ಸುಪ್ರೀಂ ಕೋರ್ಟಿನ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹಳೆಯ ತೀರ್ಪುಗಳಿಗೆ 2023ರಿಂದ ಉಚಿತವಾಗಿರುವ ಇ-ಎಸ್‌ಸಿಆರ್ (ಸುಪ್ರೀಂ ಕೋರ್ಟ್ ತೀರ್ಪುಗಳ ಆನ್‌ಲೈನ್ ಸಂಗ್ರಹ) ಸಾಕು. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಪದ ಹುಡುಕಲು ಅದು ಅನುಕೂಲ, ಆದರೆ ಉಲ್ಲೇಖಕ್ಕೆ ಇಂಗ್ಲಿಷ್ ಮೂಲವನ್ನೇ ನೋಡಬೇಕು. ಕಾನೂನು ವರದಿ ಸಂಪುಟಗಳಲ್ಲಿ ತೀರ್ಪಿನ ತಲೆಯ ಮೇಲೆ ಹಾಕುವ ಸಾರಾಂಶವೂ ತೀರ್ಪಿನ ಭಾಗವಲ್ಲ.

ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದುತ್ತಾ ಹೋಗಬೇಡಿ. ಪೀಠದ ಮುಂದಿದ್ದ ಪ್ರಶ್ನೆಗಳನ್ನು ಅವೇ ಮಾತುಗಳಲ್ಲಿ ಒಂದು ಹಾಳೆಗೆ ಇಳಿಸಿಕೊಂಡು, ಕೊನೆಯ ಆದೇಶದ ಭಾಗಕ್ಕೆ ಹೋಗಿ. ಆಮೇಲೆ ಪ್ರತಿ ನ್ಯಾಯಮೂರ್ತಿಗೆ ಒಂದು ಅಡ್ಡಸಾಲು, ಪ್ರತಿ ಪ್ರಶ್ನೆಗೆ ಒಂದು ಕಂಬಸಾಲು ಹಾಕಿದ ಕೋಷ್ಟಕದಲ್ಲಿ ಹೌದು, ಇಲ್ಲ, ಮಾತಾಡಿಲ್ಲ ಎಂದು ತುಂಬಿ, ಪಕ್ಕದಲ್ಲಿ ಪ್ಯಾರಾ ಸಂಖ್ಯೆ ಬರೆಯಿರಿ. ಬರಹದ ಮುಕ್ಕಾಲು ಪಾಲು ಈ ಹಾಳೆಯಲ್ಲೇ ಇರುತ್ತದೆ.

ಒಳಮೀಸಲಾತಿ ತೀರ್ಪನ್ನೇ ತೆಗೆದುಕೊಳ್ಳಿ. ಪಂಜಾಬ್ ಸರ್ಕಾರ ವಿರುದ್ಧ ದವಿಂದರ್ ಸಿಂಗ್, 2024ರ ಆಗಸ್ಟ್ 1: ಏಳು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ತೀರ್ಪುಗಳು, ಒಟ್ಟು 565 ಪುಟ. ಪೀಠದ ಮುಂದಿದ್ದ ಮುಖ್ಯ ಪ್ರಶ್ನೆ, ಪರಿಶಿಷ್ಟ ಜಾತಿಗಳ ಪಟ್ಟಿಯೊಳಗೆ ರಾಜ್ಯ ಸರ್ಕಾರ ಮೀಸಲಾತಿಗಾಗಿ ಉಪವರ್ಗ ಮಾಡಬಹುದೇ ಎಂಬುದು. 2004ರ ಇ.ವಿ. ಚಿನ್ನಯ್ಯ ತೀರ್ಪು ಮಾಡುವಂತಿಲ್ಲ ಎಂದಿತ್ತು. ಆರು ಮಂದಿ ಮಾಡಬಹುದು ಎಂದರು, ನ್ಯಾಯಮೂರ್ತಿ ಬೇಲಾ ತ್ರಿವೇದಿ ಒಪ್ಪಲಿಲ್ಲ. ಕೋಷ್ಟಕದ ಮೊದಲ ಕಂಬಸಾಲು ಅಲ್ಲಿಗೆ ತುಂಬಿತು.

ಎರಡನೆಯದು ಕೆನೆಪದರ, ಅಂದರೆ ಮೀಸಲಾತಿ ವರ್ಗದೊಳಗೇ ಮುಂದುವರಿದವರನ್ನು ಮೀಸಲಾತಿಯಿಂದ ಹೊರಗಿಡುವುದು. ಪರಿಶಿಷ್ಟರಿಗೂ ಕೆನೆಪದರ ಬೇಕು ಎಂಬರ್ಥದ ಮಾತನ್ನು ನಾಲ್ವರು ಬೇರೆ ಬೇರೆ ಬಗೆಯಲ್ಲಿ ಆಡಿದ್ದಾರೆ. ಏಳರಲ್ಲಿ ನಾಲ್ಕು ಎಂದರೆ ಬಹುಮತವಲ್ಲವೇ ಎಂದು ಓದುಗ ಕೇಳುತ್ತಾನೆ, ಕೇಳುವುದು ನ್ಯಾಯವೇ. ಉತ್ತರವನ್ನು ಬರಹದಲ್ಲೇ ಕೊಡಿ: ಆ ಪ್ರಶ್ನೆ ಪೀಠಕ್ಕೆ ಒಪ್ಪಿಸಿದ್ದರಲ್ಲಿ ಇರಲಿಲ್ಲ, ಉಪವರ್ಗ ಮಾಡಬಹುದೆಂಬ ತೀರ್ಮಾನ ಅದರ ಮೇಲೆ ನಿಂತಿಲ್ಲ. ಹಾಗಾಗಿ ಅದು ಪಾಲಿಸಲೇಬೇಕಾದ ತೀರ್ಮಾನವಲ್ಲ, ಮುಂದೆ ವಾದಕ್ಕೆ ಬಳಕೆಯಾಗಬಲ್ಲ ತೂಕದ ಮಾತು. ಆಗಸ್ಟ್ 9ರಂದು ಕೇಂದ್ರ ಸಂಪುಟ ಪರಿಶಿಷ್ಟರ ಮೀಸಲಾತಿಯಲ್ಲಿ ಕೆನೆಪದರಕ್ಕೆ ಅವಕಾಶವಿಲ್ಲ ಎಂದು ಹೇಳಿದ್ದನ್ನು “ಕೋರ್ಟ್ ಆದೇಶದ ಧಿಕ್ಕಾರ” ಎಂದು ಕರೆಯಲು ಬಾರದಿರುವುದು ಇದೇ ಕಾರಣಕ್ಕೆ.

ಮೂರನೆಯ ಅಂಶ ಕರ್ನಾಟಕಕ್ಕೆ ನೇರ ತಟ್ಟಿದ್ದು. “ರಾಜ್ಯಗಳು ಒಳಮೀಸಲಾತಿ ಕೊಡಲೇಬೇಕು” ಎಂದು ಕೋರ್ಟ್ ಎಲ್ಲೂ ಹೇಳಿಲ್ಲ. ಕೊಡಬಹುದು, ಆದರೆ ಅಂಕಿ-ಅಂಶದ ಆಧಾರ ಬೇಕು, ಪೂರ್ತಿ ಮೀಸಲಾತಿಯನ್ನು ಒಂದೇ ಗುಂಪಿಗೆ ಕೊಡುವಂತಿಲ್ಲ, ಮಾಡಿದ್ದು ಕೋರ್ಟಿನ ಪರಿಶೀಲನೆಗೆ ಒಳಪಡುತ್ತದೆ ಎಂದಿದೆ. “ಬಹುದು” ಎಂಬುದನ್ನು “ಬೇಕು” ಎಂದು ಬರೆದರೆ ದಶಕಗಳಿಂದ ಕಾದ ಸಮುದಾಯಗಳಿಗೆ ಇಲ್ಲದ ಭರವಸೆ ಕೊಟ್ಟಂತಾಗುತ್ತದೆ. ಈ ಒಂದು ಕ್ರಿಯಾಪದದ ಮೇಲೆ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕು.

ಕನ್ನಡದ ಪದಗಳಲ್ಲಿ ಜಾರುವ ಕಡೆಗಳು

ಸರ್ಕಾರದ ಅಧಿಕೃತ ಕನ್ನಡ ಕಾಯ್ದೆಗಳಲ್ಲಿ ಸೆಕ್ಷನ್ನಿಗೆ “ಪ್ರಕರಣ” ಎನ್ನುತ್ತಾರೆ. ಪತ್ರಿಕೆ ಓದುವವರಿಗೆ ಪ್ರಕರಣ ಎಂದರೆ ಕೇಸು. “5ನೇ ಪ್ರಕರಣದ ಪ್ರಕಾರ” ಎಂದರೆ ಐದನೇ ಕೇಸು ಯಾವುದು ಎಂದು ಹುಡುಕುತ್ತಾರೆ. ಆದ್ದರಿಂದ ಕಾಯ್ದೆಗೆ ಸೆಕ್ಷನ್, ಸಂವಿಧಾನಕ್ಕೆ ವಿಧಿ ಎಂದು ಬಳಸಿ, ಬರಹದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ.

ದೋಷಿ ಎಂದು ತೀರ್ಪಾಗುವವರೆಗೆ ಆರೋಪಿ, ಆಮೇಲೆ ಅಪರಾಧಿ. ಜಾಮೀನಿನ ಮೇಲೆ ಹೊರಬಂದರೆ ಬಿಡುಗಡೆ, ವಿಚಾರಣೆ ಮುಗಿದು ದೋಷವಿಲ್ಲವೆಂದಾದರೆ ಖುಲಾಸೆ. ದೊಡ್ಡ ಗೊಂದಲವಿರುವುದು “ವಜಾ” ಎಂಬ ಪದದಲ್ಲಿ. ಹೈಕೋರ್ಟ್ ತೀರ್ಪಿನ ವಿರುದ್ಧದ ವಿಶೇಷ ಅನುಮತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಒಂದೇ ಸಾಲಿನಲ್ಲಿ ವಜಾ ಮಾಡಿದರೆ ಮರುದಿನ “ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ” ಎಂದು ಶೀರ್ಷಿಕೆ ಬರುತ್ತದೆ. ಅದು ತಪ್ಪು. ಕುನ್ಹಯಮ್ಮದ್ ವಿರುದ್ಧ ಕೇರಳ ಸರ್ಕಾರ ತೀರ್ಪಿನಲ್ಲಿ (2000) ಸುಪ್ರೀಂ ಕೋರ್ಟೇ ಹೇಳಿರುವಂತೆ, ಅಂಥ ವಜಾ ಎಂದರೆ ಮೇಲ್ಮನವಿಗೆ ಅನುಮತಿ ಕೊಡಲಿಲ್ಲ ಎಂದಷ್ಟೇ. ಹೈಕೋರ್ಟ್ ಹೇಳಿದ ಕಾನೂನು ಸರಿ ಎಂಬ ಮುದ್ರೆ ಅದರಿಂದ ಬೀಳುವುದಿಲ್ಲ.

ಭಿನ್ನ ತೀರ್ಪು, ವಿಭಜಿತ ತೀರ್ಪು ಎರಡೂ ಒಂದೇ ಅಲ್ಲ. ಬಹುಮತಕ್ಕೆ ಒಪ್ಪದ ನ್ಯಾಯಮೂರ್ತಿ ಬರೆಯುವುದು ಭಿನ್ನ ತೀರ್ಪು, ಪೀಠವೇ ಸಮವಾಗಿ ಒಡೆದರೆ ವಿಭಜಿತ ತೀರ್ಪು. ಹಿಜಾಬ್ ವಿಷಯದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎದುರುಬದುರು ತೀರ್ಪು ಕೊಟ್ಟರು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಯವರ ಮುಂದಿಡಲು ಹೇಳಿದರು. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅದರಿಂದ ಕರ್ನಾಟಕ ಹೈಕೋರ್ಟಿನ ಮಾರ್ಚ್ 15ರ ತೀರ್ಪು ರದ್ದಾಗಲಿಲ್ಲ. ಇಷ್ಟನ್ನು ಎರಡೇ ವಾಕ್ಯದಲ್ಲಿ ಹೇಳಿದರೂ ಓದುಗನಿಗೆ ಉಪಕಾರ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯ, ಆದ್ದರಿಂದ ಕೆಲವು ವರ್ಷ ಎರಡೂ ಸಂಖ್ಯೆ ಕೊಡಬೇಕಾಗುತ್ತದೆ: ಕೊಲೆಗೆ ಐಪಿಸಿ 302, ಈಗ 103, ವಂಚನೆಗೆ ಐಪಿಸಿ 420, ಈಗ 318(4).

ಬರಹದ ಮೈಕಟ್ಟು

ಮೊದಲ ಪ್ಯಾರಾ 60 ಪದ ದಾಟಬಾರದು. ಯಾರಿಗೆ, ಯಾವಾಗಿನಿಂದ, ಏನು ಬದಲಾಯಿತು ಎಂಬುದು ಅದರಲ್ಲೇ ಬರಲಿ. “ಸಂವಿಧಾನದ ಆಶಯಗಳು ಮತ್ತು ನ್ಯಾಯಾಂಗದ ಪಾತ್ರದ ಹಿನ್ನೆಲೆಯಲ್ಲಿ ನೋಡಿದಾಗ” ಎಂದು ಶುರುಮಾಡಿದರೆ ಓದುಗ ಮುಂದಿನ ಪುಟಕ್ಕೆ ಹೋಗುತ್ತಾನೆ. ನಿನ್ನೆಯವರೆಗಿನ ಕಾನೂನು ಏನಿತ್ತು ಎಂಬುದಕ್ಕೆ 100 ಪದ ಸಾಕು. ಕೋರ್ಟ್ ಕೊಟ್ಟ ಕಾರಣಕ್ಕೆ 150, ಅದನ್ನು ಕೋರ್ಟಿನ ಪರವಾಗಿ ವಾದಿಸುವವರು ಒಪ್ಪುವಷ್ಟು ನಿಷ್ಠೆಯಿಂದ ಬರೆಯಬೇಕು. ನಿಮ್ಮ ಟೀಕೆಗೆ 200. ಉಳಿದದ್ದರಲ್ಲಿ ಮುಂದೇನು: ಮರುಪರಿಶೀಲನಾ ಅರ್ಜಿಗೆ ತೀರ್ಪಿನ ದಿನದಿಂದ 30 ದಿನ ಸಮಯವಿದೆ, ಸರ್ಕಾರ ನಿಯಮ ಬದಲಿಸಬೇಕೇ, ಇತ್ಯಾದಿ.

ಟೀಕೆಯ ವಾಕ್ಯ ಹೇಗಿರಬೇಕು ಎಂದು ಹತ್ತಿರದಿಂದ ನೋಡೋಣ. ಕರಡಿನಲ್ಲಿ ಹೀಗೆ ಬರುತ್ತದೆ: “ಮಾನ್ಯ ನ್ಯಾಯಾಲಯವು ಸದರಿ ವಿಷಯದಲ್ಲಿ ಸಾಕ್ಷ್ಯಾಧಾರಗಳನ್ನು ಸಮರ್ಪಕವಾಗಿ ಪರಿಗಣಿಸದೇ ಇರುವುದು ಕಳವಳಕಾರಿಯಾಗಿರುತ್ತದೆ.” ಯಾವ ಸಾಕ್ಷ್ಯ, ಪರಿಗಣಿಸಿದ್ದರೆ ಏನಾಗುತ್ತಿತ್ತು ಎಂಬುದು ಇದರಲ್ಲಿಲ್ಲ. ಹೀಗೆ ತಿದ್ದಿ: “ವೈದ್ಯರ ಹೇಳಿಕೆಯನ್ನು ತೀರ್ಪು 42ನೇ ಪ್ಯಾರಾದಲ್ಲಿ ಒಪ್ಪುತ್ತದೆ, 57ನೇ ಪ್ಯಾರಾದಲ್ಲಿ ಕಾರಣ ಹೇಳದೆ ಕೈಬಿಡುತ್ತದೆ. ಆ ಹೇಳಿಕೆ ಉಳಿದಿದ್ದರೆ ಶಿಕ್ಷೆಯೂ ಉಳಿಯುತ್ತಿತ್ತು.” “ಸದರಿ”, “ಮೇಲ್ಕಂಡ”, “ತತ್ಸಂಬಂಧ” ಕೋರ್ಟಿನ ಕಾಗದದಲ್ಲಿರಲಿ.

ಕಳಿಸುವಾಗ ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನಿಂದ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಚದುರುತ್ತವೆ, ಸೆಕ್ಷನ್ ಸಂಖ್ಯೆಯ ಆವರಣ ಕಳೆದುಹೋಗಿ 318(4) ಎಂಬುದು 3184 ಆಗಬಹುದು. ಶೀರ್ಷಿಕೆ ಕೊಡುವುದು ಡೆಸ್ಕಿನವರ ಕೆಲಸವಾದ್ದರಿಂದ “ಬಹುದು ಎಂಬುದನ್ನು ಬೇಕು ಎಂದು ಬದಲಿಸಬೇಡಿ” ಎಂಬಂಥ ಒಂದು ಸಾಲನ್ನು ಮೇಲೆ ಸೇರಿಸಿ. ಬಹುಪಾಲು ಉಪಸಂಪಾದಕರು ಅದನ್ನು ಸಂತೋಷದಿಂದ ಪಾಲಿಸುತ್ತಾರೆ.

ಎಲ್ಲಿಯವರೆಗೆ ಹೋಗಬಹುದು

ಭಯದಿಂದ ಬರೆಯದೇ ಇರುವ ಅಧ್ಯಾಪಕರೇ ಹೆಚ್ಚು. ಅಷ್ಟು ಭಯ ಬೇಕಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 5, ವಿಚಾರಣೆಯಾಗಿ ಅಂತಿಮವಾಗಿ ತೀರ್ಮಾನವಾದ ಕೇಸಿನ ಗುಣಾವಗುಣಗಳ ಮೇಲಿನ ನ್ಯಾಯಯುತ ಟೀಕೆ ನಿಂದನೆಯಲ್ಲ ಎನ್ನುತ್ತದೆ. ತೀರ್ಪಿನ ತರ್ಕ ಸಡಿಲ, ಹಿಂದಿನ ತೀರ್ಪನ್ನು ಕಡೆಗಣಿಸಿದೆ, ಫಲಿತಾಂಶ ಅನ್ಯಾಯದ್ದು ಎಂದೆಲ್ಲ ಬರೆಯಬಹುದು. ನ್ಯಾಯಮೂರ್ತಿ ಯಾರನ್ನೋ ಮೆಚ್ಚಿಸಲು ಹೀಗೆ ಬರೆದರು ಎಂದು ಉದ್ದೇಶ ಆರೋಪಿಸಿದೊಡನೆ ಈ ರಕ್ಷಣೆ ಅಲುಗಾಡುತ್ತದೆ. ಶಿಕ್ಷೆ ಆರು ತಿಂಗಳವರೆಗಿನ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಇನ್ನೂ ನಡೆಯುತ್ತಿರುವ ಕೇಸಿನಲ್ಲಿ ಎಚ್ಚರ ಹೆಚ್ಚು ಬೇಕು. ಮೇಲ್ಮನವಿ ಇತ್ಯರ್ಥವಾಗುವವರೆಗೆ, ಮೇಲ್ಮನವಿ ಹಾಕಿರದಿದ್ದರೆ ಅದರ ಅವಧಿ ಮುಗಿಯುವವರೆಗೆ, ಕೇಸು ಬಾಕಿಯಿದೆ ಎಂದೇ ಈ ಕಾಯ್ದೆಯ ಲೆಕ್ಕ. ಆಗ ಕಾನೂನಿನ ಪ್ರಶ್ನೆಯನ್ನು ಚರ್ಚಿಸಿ. ಆರೋಪಿ ತಪ್ಪು ಮಾಡಿದನೇ, ಸಾಕ್ಷಿ ನಂಬಲರ್ಹವೇ ಎಂಬ ತೀರ್ಮಾನಕ್ಕೆ ಕೈಹಾಕಬೇಡಿ.

ಅತ್ಯಾಚಾರ ಸಂತ್ರಸ್ತೆಯ ಹೆಸರನ್ನು ಬರೆಯುವಂತಿಲ್ಲ (ನ್ಯಾಯ ಸಂಹಿತೆ ಸೆಕ್ಷನ್ 72). ಮಕ್ಕಳ ವಿಷಯದಲ್ಲಿ ಪೋಕ್ಸೊ ಸೆಕ್ಷನ್ 23 ಇನ್ನೂ ಬಿಗಿ. ಹೆಸರು ಬಿಟ್ಟು “ಇಂಥ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯ ಮಗಳು” ಎಂದು ಬರೆದರೂ ಗುರುತು ಸಿಕ್ಕೇಸಿಗುತ್ತದೆ, ಇನ್ನೂರು ಮನೆಯ ಹಳ್ಳಿಯಲ್ಲಿ ಅಷ್ಟು ಸಾಕು. ಹೈಕೋರ್ಟ್ ಕಲಾಪದ ನೇರಪ್ರಸಾರದ ತುಣುಕನ್ನು ಅನುಮತಿಯಿಲ್ಲದೆ ಕತ್ತರಿಸಿ ಹಂಚುವುದಕ್ಕೂ ನಿರ್ಬಂಧವಿದೆ.

ಸರ್ಕಾರಿ ಕಾಲೇಜಿನವರು ರಾಜ್ಯದ 2021ರ ನಾಗರಿಕ ಸೇವಾ ನಡತೆ ನಿಯಮಗಳನ್ನು, ಖಾಸಗಿ ಕಾಲೇಜಿನವರು ನೇಮಕಾತಿ ಪತ್ರವನ್ನು ಬರೆಯುವ ಮೊದಲೇ ಓದಿಟ್ಟುಕೊಳ್ಳಬೇಕು. ಆ ಕೇಸಿನಲ್ಲಿ ಯಾರಿಗಾದರೂ ಅಭಿಪ್ರಾಯ ಬರೆದುಕೊಟ್ಟಿದ್ದರೆ, ಅರ್ಜಿದಾರರ ಜೊತೆ ಕೆಲಸ ಮಾಡಿದ್ದರೆ, ಬರಹದ ಅಡಿಯಲ್ಲಿ ಅದನ್ನು ಹೇಳಿಬಿಡಿ. ಆಮೇಲೆ ಹೊರಬಿದ್ದರೆ ಬರಹದ ಒಳ್ಳೆಯ ವಾದವೂ ಹಾಳಾಗುತ್ತದೆ.

ಪತ್ರಿಕೆಯಾಚೆ

ಟಿವಿ ಚರ್ಚೆಗೆ ಹೋಗುವುದಾದರೆ ಎಷ್ಟು ಜನ ಕೂರುತ್ತಾರೆ, ತಮಗೆ ತಡೆಯಿಲ್ಲದೆ 90 ಸೆಕೆಂಡು ಸಿಗುತ್ತದೆಯೇ ಎಂದು ಕೇಳಿ. ಎಂಟು ಜನರ ಚೌಕಗಳಲ್ಲಿ ಕಾನೂನು ವಿವರಿಸಲಾಗದು. ಆಕಾಶವಾಣಿಯ ಹತ್ತು ನಿಮಿಷ ಅದಕ್ಕಿಂತ ಎಷ್ಟೋ ಮೇಲು.

ತೀರ್ಪೊಂದರ ತರ್ಕವನ್ನೇ ಪ್ರಶ್ನಿಸಬೇಕಾದಾಗ ಬಹಿರಂಗ ಪತ್ರವೂ ಒಂದು ದಾರಿ. 1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ತುಕಾರಾಮ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ತೀರ್ಪಿನ ಬಗ್ಗೆ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬರೆದರು. ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತ ಪೊಲೀಸರು ಖುಲಾಸೆಯಾಗಿದ್ದ ಕೇಸದು. ಸಿಟ್ಟು ಪತ್ರದ ತುಂಬ ಇತ್ತು, ಆದರೆ ಅದು ನಿಂತದ್ದು ಒಂದೇ ಕಾನೂನಿನ ಅಂಶದ ಮೇಲೆ: ಸಮ್ಮತಿ ಬೇರೆ, ಭಯದಿಂದ ಮಣಿಯುವುದು ಬೇರೆ. ಕೋರ್ಟ್ ತೀರ್ಪು ಬದಲಿಸಲಿಲ್ಲ. ಬೀದಿಗಿಳಿದ ಮಹಿಳಾ ಸಂಘಟನೆಗಳು ಆ ಅಂಶವನ್ನು ಹೊತ್ತು ನಡೆದವು, 1983ರಲ್ಲಿ ಕಾನೂನು ತಿದ್ದುಪಡಿಯಾಗಿ ಸಾಕ್ಷ್ಯ ಕಾಯ್ದೆಗೆ 114ಎ ಸೆಕ್ಷನ್ ಸೇರಿತು: ಕಸ್ಟಡಿಯಲ್ಲಿ ನಡೆದ ಅತ್ಯಾಚಾರದಂಥ ಕೇಸುಗಳಲ್ಲಿ ಸಂಭೋಗ ಸಾಬೀತಾಗಿ, ಸಮ್ಮತಿ ಇರಲಿಲ್ಲ ಎಂದು ಹೆಣ್ಣು ಹೇಳಿದರೆ, ಇರಲಿಲ್ಲ ಎಂದೇ ಕೋರ್ಟ್ ಭಾವಿಸಬೇಕು. ಅದೇ ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 120. ನಾಲ್ಕು ಸಹಿ, ಒಂದು ಅಂಶ ಎಂಬುದನ್ನು ನೆನಪಿಡಿ. ಹತ್ತು ಬೇಡಿಕೆಯ ಪತ್ರವನ್ನು ಯಾರೂ ಹೊತ್ತು ನಡೆಯುವುದಿಲ್ಲ.

ಮಸೂದೆ ಹಂತದಲ್ಲೇ ಮಾತಾಡುವುದು ಇನ್ನೂ ಫಲಕಾರಿ, ಆದರೂ ನಮ್ಮ ಕಾಲೇಜುಗಳು ಹೆಚ್ಚಾಗಿ ಮರೆಯುವ ದಾರಿಯದು. ಕೇಂದ್ರ ಸರ್ಕಾರದ 2014ರ ಪೂರ್ವಸಮಾಲೋಚನಾ ನೀತಿಯಂತೆ ಕರಡು ಕಾಯ್ದೆಯನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಸಂಸತ್ತಿನ ಸಮಿತಿಗಳೂ ಅಭಿಪ್ರಾಯ ಕರೆಯುತ್ತವೆ. ಲೈಂಗಿಕ ಅಪರಾಧಗಳ ಕಾನೂನನ್ನು ಪರಿಶೀಲಿಸಲು 2012ರ ಡಿಸೆಂಬರ್‌ನಲ್ಲಿ ರಚನೆಯಾದ ನ್ಯಾಯಮೂರ್ತಿ ವರ್ಮಾ ಸಮಿತಿ 29 ದಿನದಲ್ಲಿ ವರದಿ ಕೊಟ್ಟಿತು, ಬಂದ ಸಲಹೆಗಳು ಸುಮಾರು 80,000. ಅಷ್ಟರ ನಡುವೆ ಓದಿಸಿಕೊಳ್ಳಬೇಕಾದರೆ ಮಸೂದೆಯ ಪ್ರತಿ ಖಂಡಕ್ಕೆ (ಕ್ಲಾಸ್) ನಾಲ್ಕೇ ಭಾಗ ಇರಲಿ: ಖಂಡದ ಸಂಖ್ಯೆ, ಈಗಿನ ಪಾಠ, ನಿಮ್ಮ ಬದಲಿ ಪಾಠ, ಮೂರು ವಾಕ್ಯದಲ್ಲಿ ಕಾರಣ. ಬದಲಿ ಪಾಠವನ್ನು ಕಾಯ್ದೆಯ ಭಾಷೆಯಲ್ಲೇ ಬರೆದುಕೊಡಿ. ಹಾಗೆ ಕೊಟ್ಟರೆ ಕರಡು ತಯಾರಿಸುವವರು ಅದನ್ನು ಎತ್ತಿಕೊಳ್ಳಬಹುದು, ಉಪನ್ಯಾಸವನ್ನು ಎತ್ತಿಕೊಳ್ಳಲಾಗದು. ಒಂದು ಸೆಮಿಸ್ಟರಿನಲ್ಲಿ ಒಂದು ಮಸೂದೆ ಆರಿಸಿ, ನಾಲ್ಕೈದು ವಿದ್ಯಾರ್ಥಿಗಳಿಗೆ ತಲಾ ಎರಡು ಖಂಡ ಹಂಚಿದರೆ 30 ದಿನ ಧಾರಾಳ.

ತಪ್ಪಾದಾಗ

ತಪ್ಪು ಆಗುತ್ತದೆ: ಪ್ಯಾರಾ ಸಂಖ್ಯೆ ಹೆಚ್ಚುಕಡಿಮೆ, ರದ್ದಾದ ತೀರ್ಪಿನ ಉಲ್ಲೇಖ. ಗೊತ್ತಾದ ದಿನವೇ ಸಂಪಾದಕರಿಗೆ ಮೂರು ಸಾಲು ಬರೆಯಿರಿ: ಪ್ರಕಟವಾದ ದಿನಾಂಕ, ತಪ್ಪು ವಾಕ್ಯ, ಸರಿಯಾದ ವಾಕ್ಯ. ಆನ್‌ಲೈನ್ ಆವೃತ್ತಿಯಲ್ಲಿ ತಿದ್ದುಪಡಿಯ ಸೂಚನೆ ಬರಹದ ಮೇಲ್ಭಾಗದಲ್ಲೇ ಬರಲಿ ಎಂದು ಕೇಳಿ. ಕೆಳಗಿದ್ದರೆ ವಾಟ್ಸ್‌ಆ್ಯಪ್‌ಗೆ ಹೋಗುವ ಸ್ಕ್ರೀನ್‌ಶಾಟಿನಲ್ಲಿ ಅದು ಸೇರುವುದಿಲ್ಲ. ಬರಹ ಅಚ್ಚಾದ ದಿನವೇ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿಟ್ಟುಕೊಳ್ಳಿ: ಮರುಪರಿಶೀಲನೆಯ ಅವಧಿ ಮುಗಿಯುವ ದಿನ, ಮತ್ತು ಆರು ತಿಂಗಳಾಚೆ ಒಂದು ದಿನ. ಆ ಹೊತ್ತಿಗೆ ತೀರ್ಪು ತಾಲ್ಲೂಕು ಕಚೇರಿಯವರೆಗೆ ಇಳಿಯಿತೇ ಎಂದು ನೋಡಿ ಬರೆಯುವ ಎರಡನೇ ಲೇಖನಕ್ಕೆ 300 ಪದ ಸಾಕು.