ಬೋಟಿನ ಆಲ್ಟರ್ನೇಟರ್ ಮತ್ತು ಬ್ಯಾಟರಿ ಸ್ವಿಚ್: ವೈರಿಂಗ್ ಅರಿಯುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟುಗಳ ದುರಸ್ತಿ ನಡೆಯುವ ಈ ಬಿಡುವಿನಲ್ಲಿ ಬ್ಯಾಟರಿ ವೈರಿಂಗ್‌ಗೂ ಒಂದು ದಿನ ಮೀಸಲಿಡಬೇಕು. ಆಳಸಮುದ್ರದಲ್ಲಿ ಬ್ಯಾಟರಿ ಬರಿದಾದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸಹಾಯ ಕೇಳಲು ವೈರ್‌ಲೆಸ್ಸೂ ಇರುವುದಿಲ್ಲ. ಇಲ್ಲಿ ಹೇಳುವುದು ಎರಡು ಬ್ಯಾಟರಿಗಳ 12 ವೋಲ್ಟ್ ವ್ಯವಸ್ಥೆಯ ಬಗ್ಗೆ. 24 ವೋಲ್ಟಿನ ಬೋಟಾದರೆ ಬ್ಯಾಟರಿಯ ವೋಲ್ಟೇಜ್ ಅಂಕಿಗಳನ್ನು ಇಮ್ಮಡಿಯಾಗಿ ಓದಿಕೊಳ್ಳಿ.

ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಗಳ ನೆಗೆಟಿವ್ ಕೇಬಲ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಎಂಜಿನ್ನಿಗೆ ತಗುಲಿ ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಬಂದ ಹೈಡ್ರೋಜನ್ ಸುತ್ತಮುತ್ತ ನಿಂತಿದ್ದರೆ ಆ ಕಿಡಿಯೇ ಸ್ಫೋಟಕ್ಕೆ ಸಾಕು. ನಂತರ ಯಾವ ಬ್ಯಾಟರಿ ಬಳಸಬೇಕೆಂದು ಆರಿಸುವ ಬ್ಯಾಟರಿ ಸ್ವಿಚ್ಚಿನ ಹಿಂಭಾಗ ನೋಡಿ. 1, 2, ಎರಡೂ, ಆಫ್ ಎಂಬ ನಾಲ್ಕು ಸ್ಥಾನಗಳ ಸ್ವಿಚ್ಚಿನಲ್ಲಿ ದಪ್ಪ ಬೋಲ್ಟುಗಳು ಮೂರೇ ಇರುತ್ತವೆ: ಎರಡಕ್ಕೆ ಒಂದೊಂದು ಬ್ಯಾಟರಿಯ ಪಾಸಿಟಿವ್, ಮೂರನೆಯ ಕಾಮನ್ ಬೋಲ್ಟಿಗೆ ಸ್ಟಾರ್ಟರ್ ಮೋಟಾರಿನ ಕೇಬಲ್. ಪ್ರತಿ ಕೇಬಲ್ಲನ್ನೂ ಕೈಯಿಂದ ಹಿಡಿದು ತುದಿಯವರೆಗೆ ಹಿಂಬಾಲಿಸಿ, ಕಂಡದ್ದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಈಗ ಮುಖ್ಯ ಪ್ರಶ್ನೆ: ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನಿಂದ (ಕರೆಂಟ್ ಹೊರಬರುವ ಪಾಸಿಟಿವ್ ಬೋಲ್ಟಿನಿಂದ) ಹೊರಟ ವೈರ್ ಎಲ್ಲಿಗೆ ಸೇರುತ್ತದೆ? ಹಲವು ಬೋಟುಗಳಲ್ಲಿ ಅದು ಸ್ಟಾರ್ಟರಿನ ಬೋಲ್ಟಿಗೆ ಬಂದು, ಅಲ್ಲಿಂದ ಸ್ವಿಚ್ಚಿನ ಮೂಲಕವೇ ಬ್ಯಾಟರಿ ತಲುಪುತ್ತದೆ. ಹೀಗಿದ್ದಾಗ ಸ್ವಿಚ್ ಯಾವ ಬ್ಯಾಟರಿಯ ಮೇಲಿದೆಯೋ ಅದಷ್ಟೇ ಚಾರ್ಜ್ ಆಗುತ್ತದೆ. ಎಂಜಿನ್ ಓಡುತ್ತಿರುವಾಗ ಯಾರಾದರೂ ಸ್ವಿಚ್ಚನ್ನು ಆಫ್‌ಗೆ ತಿರುಗಿಸಿದರಂತೂ, ಆಲ್ಟರ್ನೇಟರ್ ಉತ್ಪಾದಿಸುತ್ತಿರುವ ಕರೆಂಟಿಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ಒಳಗಿನ ಕಾಯಿಲ್‌ನ ಕಾಂತಶಕ್ತಿ ಆ ಕ್ಷಣಕ್ಕೇ ಇಳಿಯದ ಕಾರಣ ವೋಲ್ಟೇಜ್ ಒಮ್ಮೆಲೇ ಹತ್ತಾರು ವೋಲ್ಟ್ ಏರಿ, ಎಸಿಯನ್ನು ಡಿಸಿ ಮಾಡುವ ಡಯೋಡುಗಳು ಸುಟ್ಟುಹೋಗಬಹುದು. ಅದೇ ಲೈನಿನಲ್ಲಿರುವ ಜಿಪಿಎಸ್, ಫಿಶ್ ಫೈಂಡರುಗಳಿಗೂ ಪೆಟ್ಟು ಬೀಳಬಹುದು. ಆದ್ದರಿಂದ ಇಂಥ ವೈರಿಂಗ್ ಇರುವ ಬೋಟಿನಲ್ಲಿ, ಎಂಜಿನ್ ಓಡುವಾಗ ಆಫ್ ಸ್ಥಾನವನ್ನು ಹಾದುಹೋಗಲೂಬಾರದು ಎಂದು ಸ್ವಿಚ್ಚಿನ ಪಕ್ಕದಲ್ಲೇ ಬರೆದು ಅಂಟಿಸಬೇಕು. 1ರಿಂದ 2ಕ್ಕೆ ಬದಲಿಸುವುದಿದ್ದರೆ ‘ಎರಡೂ’ ಎಂಬ ಸ್ಥಾನದ ಮೂಲಕವೇ ಹೋಗಬೇಕು. ಆದರೆ ಎಂಜಿನ್ ನಿಂತ ಮೇಲೂ ಸ್ವಿಚ್ಚನ್ನು ಅಲ್ಲೇ ಬಿಟ್ಟರೆ ದೀಪ ಮತ್ತು ವೈರ್‌ಲೆಸ್ ಎರಡು ಬ್ಯಾಟರಿಗಳನ್ನೂ ಒಟ್ಟಿಗೇ ಬರಿದು ಮಾಡುತ್ತವೆ.

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಸುರಕ್ಷಿತವಾದ ಕ್ರಮವೆಂದರೆ, ಆಲ್ಟರ್ನೇಟರಿನ ವೈರನ್ನು ಸ್ವಿಚ್ಚಿಗೆ ತಾರದೆ ಫ್ಯೂಸಿನ ಮೂಲಕ ನೇರವಾಗಿ ಸ್ಟಾರ್ಟಿಂಗ್ ಬ್ಯಾಟರಿಗೆ (ಎಂಜಿನ್ ಸ್ಟಾರ್ಟ್ ಮಾಡಲೆಂದೇ ಮೀಸಲಿಟ್ಟ ಬ್ಯಾಟರಿಗೆ) ಕೊಡುವುದು. ಎರಡು ಬ್ಯಾಟರಿಗಳ ಪಾಸಿಟಿವ್ ನಡುವೆ ವೋಲ್ಟೇಜ್ ಗ್ರಹಿಸಿ ತಾನಾಗಿಯೇ ಕೆಲಸ ಮಾಡುವ ಸ್ವಿಚ್, ಅಂದರೆ ರಿಲೇಯೊಂದನ್ನು ಜೋಡಿಸಿದರೆ, ಚಾರ್ಜಿಂಗ್ ವೋಲ್ಟೇಜ್ ಸುಮಾರು 13.3ರಿಂದ 13.7ಕ್ಕೆ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ, 12.8ರ ಆಸುಪಾಸಿಗೆ ಇಳಿದಾಗ ಬಿಡಿಸುತ್ತದೆ. ಸ್ಟಾರ್ಟಿಂಗ್ ಬ್ಯಾಟರಿಯನ್ನು ಕಾಯುವ ಕೆಲಸ ಯಾರ ನೆನಪಿನ ಮೇಲೂ ನಿಲ್ಲುವುದಿಲ್ಲ.

ಆ ಫ್ಯೂಸ್ ಬ್ಯಾಟರಿಯ ಕಡೆಯ ತುದಿಯಲ್ಲಿ, ಒಂದು ಗೇಣಿನೊಳಗೆ ಇರಲಿ. ವೈರ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಬೆಂಕಿಯಾಗುವಷ್ಟು ಕರೆಂಟ್ ಹರಿದುಬರುವುದು ಬ್ಯಾಟರಿಯಿಂದ. ಫ್ಯೂಸಿನ ಆಂಪಿಯರ್ ಆಲ್ಟರ್ನೇಟರಿನ ಗರಿಷ್ಠ ಸಾಮರ್ಥ್ಯಕ್ಕಿಂತ ಹೆಚ್ಚು, ವೈರ್ ತಾಳುವ ಮಿತಿಗಿಂತ ಕಡಿಮೆ ಇರಬೇಕು. ಬೋಟಿನೊಳಗೆ ಸೇರಿದ ನೀರನ್ನು ಹೊರಹಾಕುವ ಆಟೊಮ್ಯಾಟಿಕ್ ಪಂಪಿನ ವೈರೂ ಸ್ವಿಚ್ಚಿಗೆ ಬಾರದೆ, ಪ್ರತ್ಯೇಕ ಫ್ಯೂಸಿನೊಂದಿಗೆ ನೇರವಾಗಿ ಬ್ಯಾಟರಿಗೇ ಹೋಗಬೇಕು.

ಕೇಬಲ್ಲಿನ ತುದಿಗಿರುವ ಲೋಹದ ಲಗ್‌ಗಳನ್ನು ಬಿಚ್ಚಿ ನೋಡುವಾಗ ಹೊರಗಿನ ಹಸಿರು ಕಿಲುಬನ್ನು ಉಜ್ಜಿ ತೆಗೆದರಷ್ಟೇ ಸಾಲದು. ರಬ್ಬರನ್ನು ಒಂದಿಂಚು ಸೀಳಿದಾಗ ಒಳಗಿನ ಎಳೆಗಳು ಕಪ್ಪಾಗಿ, ಉಗುರು ತಾಗಿದರೆ ಪುಡಿಯುದುರುವಂತಿದ್ದರೆ ಉಪ್ಪುನೀರು ಒಳಗೆ ಇಳಿದಿದೆ ಎಂದರ್ಥ. ಆ ಕೇಬಲ್ ಬದಲಿಸಿ, ತವರ ಲೇಪಿಸಿದ ತಾಮ್ರದ ಕೇಬಲ್ ಹಾಕಿಸಿ.

ಎಲ್ಲವನ್ನೂ ಜೋಡಿಸುವಾಗ ನೆಗೆಟಿವ್ ಕೊನೆಗೆ ಬರಲಿ. ಕೆಲವು ಗಂಟೆ ವಿಶ್ರಮಿಸಿದ, ಪೂರ್ತಿ ಚಾರ್ಜ್ ಆದ ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು 13.8ರಿಂದ 14.4ರ ನಡುವೆ ಬರಬೇಕು. ಬಾರದಿದ್ದರೆ ದೀಪಗಳನ್ನು ಹಚ್ಚಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬಿ ಪ್ಲಸ್ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೂ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಆಲ್ಟರ್ನೇಟರ್ ಬಿಚ್ಚುವ ಮೊದಲು ಆ ದಾರಿಯ ಪ್ರತಿಯೊಂದು ಜೋಡಣೆಯನ್ನೂ ಪರೀಕ್ಷಿಸಿ.