ನೀಲಿ ಹರಳಿನ ಓಲೆ: ನ್ಯಾಚುರಲ್ ತಗೊಳ್ಳೋದಾ, ಲ್ಯಾಬ್‌ದು ತಗೊಳ್ಳೋದಾ?

ನೀಲಿ ಹರಳಿನ ಓಲೆ ನೋಡೋಕೆ ಹೋದವರು ಮೊದಲು ಕೇಳೋದೇ ಇದು ಒರಿಜಿನಲ್ಲಾ ಅಂತ. ನಾನಾದ್ರೆ ಮೊದಲು ಬಣ್ಣ ಎಷ್ಟು ಗಾಢ ಇದೆ ಅಂತ ನೋಡಿ ಅಂತೀನಿ, ಯಾಕಂದ್ರೆ ಕಿವಿ ಇರೋದು ಕೂದಲಿನ ನೆರಳಲ್ಲಿ, ಉಂಗುರದ ಹರಳಿಗೆ ಸಿಗೋಷ್ಟು ಬೆಳಕು ಓಲೆಗೆ ಸಿಗಲ್ಲ, ಅಂಗಡಿ ಲೈಟಲ್ಲಿ ಚೆಂದ ಕಂಡ ಕಡುನೀಲಿ ಮದುವೆ ಮನೇಲಿ ನಾಲ್ಕಡಿ ದೂರದಿಂದ ಕಪ್ಪು ಮಣಿ ಥರ ಕಾಣುತ್ತೆ. ಹಾಗಾಗಿ ಒಂದು ಶೇಡ್ ತಿಳಿಯಾಗಿರೋದೇ ಆರಿಸಿ. ಕಿವಿಗೆ ಹಿಡಿದು ಕನ್ನಡಿಯಿಂದ ಹಿಂದೆ ಸರಿದು ನೋಡಿ, ಆಮೇಲೆ ಅಂಗಡಿ ಬಾಗಿಲ ಹತ್ರ ಹಗಲು ಬೆಳಕಲ್ಲೂ ನೋಡಿ.

ಜೋಡಿ ಹೊಂದ್ಕೊಂಡಿದ್ಯಾ ಅನ್ನೋದೂ ಅಷ್ಟೇ ಮುಖ್ಯ. ಗಣಿಯಿಂದ ಬಂದ ನ್ಯಾಚುರಲ್ ನೀಲದಲ್ಲಿ (ಸಫೈರ್) ಒಂದೇ ಬಣ್ಣ, ಒಂದೇ ಸೈಜಿನ ಎರಡು ಹರಳು ಸಿಗೋದು ಕಷ್ಟ, ಅದಕ್ಕೆ ಒಳ್ಳೆ ಜೋಡಿಗೆ ಬಿಡಿ ಹರಳಿಗಿಂತ ಜಾಸ್ತಿ ರೇಟ್ ಹೇಳ್ತಾರೆ. ಲ್ಯಾಬಲ್ಲಿ ಬೆಳೆಸಿದ ನೀಲ ಗೆಲ್ಲೋದು ಇಲ್ಲೇ, ಎಷ್ಟು ಜೋಡಿ ಬೇಕಾದ್ರೂ ಒಂದೇ ಬಣ್ಣದಲ್ಲಿ ಸಿಗುತ್ತೆ.

ಲ್ಯಾಬ್ ನೀಲ ಅಂದ್ರೆ ಗಾಜಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅದೂ ಅದೇ ಅಲ್ಯೂಮಿನಿಯಂ ಆಕ್ಸೈಡ್, ಬಣ್ಣ ಬರೋದೂ ಅದೇ ಕಬ್ಬಿಣ ಮತ್ತು ಟೈಟಾನಿಯಂನಿಂದ, ಗಡಸುತನನೂ 1ರಿಂದ 10ರವರೆಗಿನ ಮೋಸ್ (Mohs) ಸ್ಕೇಲಲ್ಲಿ ಅದೇ 9. ಫ್ರಾನ್ಸಿನ ರಸಾಯನ ವಿಜ್ಞಾನಿ ವರ್ನೇಯಿ ಬೆಂಕಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸೋ ವಿಧಾನ ಪ್ರಕಟಿಸಿದ್ದು 1902ರಲ್ಲಿ, ಕೆಲವೇ ವರ್ಷದಲ್ಲಿ ನೀಲನೂ ಬಂತು. ಅಂದ್ರೆ ಅಜ್ಜಿ ಕಾಲದ ಓಲೆ ಅಂದ ಮಾತ್ರಕ್ಕೆ ಅದರ ಹರಳು ಗಣಿಯಿಂದಾನೇ ಬಂದಿದ್ದು ಅಂತ ಹೇಳೋಕಾಗಲ್ಲ. 10 ಪಟ್ಟು ದೊಡ್ಡದು ಮಾಡಿ ತೋರಿಸೋ ಲೆನ್ಸಲ್ಲಿ ನೋಡಿದ್ರೆ ಈ ಜ್ವಾಲೆಯಲ್ಲಿ ಬೆಳೆದ ಹರಳಲ್ಲಿ ಬಾಗಿದ ಗೆರೆಗಳು, ಗಾಳಿ ಗುಳ್ಳೆಗಳು ಕಾಣಬಹುದು, ನ್ಯಾಚುರಲ್‌ದರಲ್ಲಿ ಬಣ್ಣದ ಪಟ್ಟಿ ನೇರವಾಗಿ, ಕೋನ ಕೋನವಾಗಿರುತ್ತೆ. ಆದ್ರೂ ದುಡ್ಡು ಜಾಸ್ತಿ ಇದ್ರೆ ಲೆನ್ಸ್ ನಂಬ್ಕೊಂಡು ಕೂರಬೇಡಿ, ಹರಳು ಪರೀಕ್ಷೆ ಮಾಡೋ ಜಿಐಎ ಅಥವಾ ಐಜಿಐ ಥರದ ಲ್ಯಾಬ್‌ಗಳ ರಿಪೋರ್ಟ್ ಕೇಳಿ.

ನ್ಯಾಚುರಲ್ ಅಂತ ಬರೆದಿದ್ರೂ ಅಲ್ಲಿಗೆ ಮುಗೀಲಿಲ್ಲ. ಬಿಸಿ ಮಾಡಿ ಬಣ್ಣ ಸುಧಾರಿಸೋದು ನೀಲದಲ್ಲಿ ಮಾಮೂಲಿ, ಅದು ಮೋಸ ಅಲ್ಲ, ಬಣ್ಣನೂ ನಿಲ್ಲುತ್ತೆ, ಹೇಳಿ ಮಾರಬೇಕು ಅಷ್ಟೇ. ನಾನು ಬೇಡವೇ ಬೇಡ ಅನ್ನೋದು ಬಿರುಕಿಗೆ ಬಣ್ಣದ ಗಾಜು ತುಂಬಿದ ನೀಲ. ನಿಂಬೆ ರಸದಂಥ ಆಮ್ಲ ತಾಗಿದ್ರೂ ಆ ಗಾಜು ಹಾಳಾಗುತ್ತೆ, ರಿಪೇರಿಗೆ ಕೊಟ್ಟಾಗ ಅಕ್ಕಸಾಲಿಗನ ಬೆಂಕಿಗೂ ತಡೆಯಲ್ಲ. ಇನ್ನು ಹೈಡ್ರೋ ಅಂತ ಮಾರೋದು ಬಹುತೇಕ ಗಾಜೇ, ಫ್ಯಾಷನ್‌ಗೆ ಹಾಕ್ಕೊಳ್ಳಿ, ಆದ್ರೆ ಗಾಜಿನ ಬೆಲೆಯಷ್ಟೇ ಕೊಡಿ.

ನೀಲವೇ ಬೇಕು ಅಂತಾನೂ ಇಲ್ಲ. ಓಲೆ ಉಂಗುರದಷ್ಟು ಅಲ್ಲಿ ಇಲ್ಲಿ ತಗಲಲ್ಲ, ಹಾಗಾಗಿ ಸ್ವಲ್ಪ ಮೆದು ಹರಳೂ ನಡೆಯುತ್ತೆ. ತಾಂಜಾನಿಯಾದ ಮೆರೆಲಾನಿ ಬೆಟ್ಟದ ಹತ್ರ 1967ರಲ್ಲಿ ಸಿಕ್ಕಿದ ಟ್ಯಾಂಜನೈಟ್ ಅನ್ನೋ ನೀಲಿ ಹರಳು ಉಂಗುರಕ್ಕೆ ಭಯ, ಓಲೆಗೆ ಸೊಗಸು, ಹಳದಿ ಬಲ್ಬ್ ಕೆಳಗೆ ನೇರಳೆ ಕಡೆ ವಾಲುತ್ತೆ ಅನ್ನೋದು ನೆನಪಿರಲಿ. ಬಜೆಟ್ ಕಮ್ಮಿ ಇದ್ರೆ ಬ್ಲೂ ಟೋಪಾಜ್ ನನ್ನ ಮೆಚ್ಚಿನದು, ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಕೊಟ್ಟು ಬಿಸಿ ಮಾಡಿ ನೀಲಿ ಬರಿಸಿರ್ತಾರೆ, ಜೋಡಿನೂ ಸುಲಭವಾಗಿ ಸಿಗುತ್ತೆ.

ನೀಲ ಶನಿಯ ರತ್ನ, ಎಲ್ಲರಿಗೂ ಆಗಿಬರಲ್ಲ ಅಂತ ಮನೇಲಿ ಹಿರಿಯರು ಹೇಳಿದ್ರೆ ವಾದ ಮಾಡೋದೇ ಬೇಡ, ಟೋಪಾಜೋ ಅಕ್ವಾಮರೀನೋ ತಗೊಂಡ್ರಾಯ್ತು.

ಈಗ ಬಿಲ್. ಹಾಲ್‌ಮಾರ್ಕ್ ಹೇಳೋದು ಚಿನ್ನದ ಶುದ್ಧತೆ ಮಾತ್ರ, ಹರಳಿಗೂ ಅದಕ್ಕೂ ಸಂಬಂಧ ಇಲ್ಲ. 5 ಕ್ಯಾರೆಟ್ ಹರಳು ಅಂದ್ರೆ 1 ಗ್ರಾಂ, ಅದನ್ನ ಒಟ್ಟು ತೂಕದಿಂದ ಕಳೀದೇ ಹೋದ್ರೆ ಹರಳಿಗೂ ಚಿನ್ನದ ರೇಟ್ ಕೊಟ್ಟಂಗಾಗುತ್ತೆ. ನೆಟ್ ಚಿನ್ನ, ಹರಳಿನ ತೂಕ, ಹರಳಿನ ಹೆಸರು, ನ್ಯಾಚುರಲ್ಲೋ ಲ್ಯಾಬೋ, ಟ್ರೀಟ್‌ಮೆಂಟ್ ಏನು, ಎಲ್ಲಾ ಬಿಲ್ಲಲ್ಲಿ ಬರೆಸಿ, ಬರೆಯೋಕೆ ಹಿಂದೇಟು ಹಾಕಿದ್ರೆ ಎದ್ದು ಬನ್ನಿ. ವಾಪಸ್ ಕೊಡುವಾಗ ಹರಳಿಗೆ ಏನು ಕೊಡ್ತಾರೆ ಅಂತಾನೂ ಆಗಲೇ ಕೇಳಿ, ಎಷ್ಟೋ ಕಡೆ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟೋದು.

ದುಬಾರಿ ಹರಳಾದ್ರೆ ಹಿಂದೆ ತೆರೆದಿರೋ ಸೆಟ್ಟಿಂಗೇ ಇರಲಿ, ಮುಚ್ಚಿದ ಸೆಟ್ಟಿಂಗಲ್ಲಿ ಹಿಂದೆ ಫಾಯಿಲ್ ಇಟ್ಟಿದ್ರೂ ಗೊತ್ತಾಗಲ್ಲ. ಜುಮುಕಿ ಭಾರ ಅನ್ಸಿದ್ರೆ ಮಾಟಿ ಹಾಕ್ಸಿ, ತಿರುಪು ಸಡಿಲ ಇದ್ಯಾ ಅಂತ ಅಲ್ಲೇ ನಾಲ್ಕು ಸಲ ಬಿಚ್ಚಿ ಹಾಕಿ ನೋಡಿ.